ಬಟ್ಟಲ ತಳದ ಚುಕ್ಕೆ

ಊರ ಹೆಸರಲ್ಲೊಬ್ಬ ಕಮ್ಮಾರನಿದ್ದಾನೆ.
ರೀಡಗೋವ್ ಅಂದರೆ ಕಮ್ಮಾರನ ಕಡವು.
ಅವನನ್ನು ಕಂಡವರಿಲ್ಲ, ಕುಲುಮೆ ಎಲ್ಲಿತ್ತೋ ಬಲ್ಲವರಿಲ್ಲ;
ಹೊಳೆ ಮಾತ್ರ ಈಗಲೂ ಮೊಣಕಾಲುದ್ದ,
ಕುರಿ ದಾಟುವಷ್ಟು.

ನಮ್ಮಲ್ಲಿ ಮನೆತನದ ಹೆಸರು ಮೂರೇ ಮೂರು:
ಪ್ಯೂ, ಪ್ಯಾರಿ, ಪ್ರಿಚರ್ಡ್.
ಗುರುತಿಗೆ ಬೇಕಲ್ಲ, ಕಸುಬು ಅಂಟಿಸಿ ಕರೆಯುತ್ತೇವೆ:
ಬ್ರೆಡ್ಡಿನ ಇಡ್ವಾಲ್, ಗಂಟೆಯ ಹೆವಿನ್,
ಅಂಚೆಯ ಮೋರ್ವಿದ್
(ಅಂಚೆ ಕಚೇರಿ ಮುಚ್ಚಿ ಇಪ್ಪತ್ತು ವರ್ಷವಾಯಿತು).
ನಾನು ಬಟ್ಟಲ ಟೆಗ್ವೆನ್.
ಚಾಪೆಲ್ಲಿನ ಬಟ್ಟಲ ಬೀರುವಿನ ಕೀಲಿ ನನ್ನ ಸೊಂಟದಲ್ಲಿ,
ಅತ್ತೆಯಿಂದ ಬಂದದ್ದು, ಅತ್ತೆಗೆ ಅವರ ಅತ್ತೆಯಿಂದ.

ಬಿಳಿ ಪಿಂಗಾಣಿ, ಅಂಚಿಗೆ ನೀಲಿ ಗೆರೆ.
ಸ್ಲೇಟುಕಲ್ಲಿನ ಗಣಿಯ ನಾನೂರು ಗಂಡಸರು
ವಾರಕ್ಕೊಂದು ಪೆನ್ನಿ ಕೂಡಿಸಿ ತರಿಸಿದ್ದು ನಾನೂರು.
ಎಲ್ಲೆಲ್ಲಿಯ ಮಕ್ಕಳೋ ಅಕ್ಷರ ತಿದ್ದಿದ ಸ್ಲೇಟು
ನಮ್ಮ ಗುಡ್ಡದ ಹೊಟ್ಟೆಯಿಂದ ಹೋದದ್ದು;
ನಮ್ಮ ಶಾಲೆಗೆ ಬೀಗ.
ಉಳಿದ ಬಟ್ಟಲು ಮುನ್ನೂರ ಹನ್ನೆರಡು.
ಭಾನುವಾರ ಕುಡಿಯುವವರು ಒಂಬತ್ತು ಮಂದಿ.

ಒಡೆದದ್ದಕ್ಕೂ ಲೆಕ್ಕವಿದೆ,
ದಪ್ಪ ರಟ್ಟಿನ ಪುಸ್ತಕದಲ್ಲಿ, ಕಂದಿದ ಮಸಿಯಲ್ಲಿ:
'ಎಲಿಸ್‌ನ ಮದುವೆ: ಎರಡು.'
'ಹಾಡಿನ ಪಂದ್ಯ, ಬಹುಮಾನ ಪಕ್ಕದೂರಿಗೆ: ಹದಿನಾಲ್ಕು.'
'ಗಣಿ ಕುಸಿದ ವಾರ, ಆರು ಮಣ್ಣು: ಒಂದೂ ಇಲ್ಲ.'
ಅಷ್ಟು ಮೆಲ್ಲಗೆ ಕೆಳಗಿಟ್ಟಿದ್ದಾರೆ ಅಂದು ಎಲ್ಲರೂ.

ಮೇಲಿನ ಹಲಗೆಯ ಹಿಂದಿನ ಸಾಲಲ್ಲಿ ಹನ್ನೊಂದು,
ತಳದಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ.
ಅತ್ತೆ ಹೇಳಿದ್ದಿಷ್ಟೆ: 'ಅವು ಕೊನೆಗೆ.'
ಯಾಕೆ ಅಂದೆ.
ಒರೆಸುವ ಬಟ್ಟೆ ಕೊಡವಿದರು.

ಅಜ್ಜಂದಿರ ಕಾಲದ ಮುಷ್ಕರ. ಎರಡು ಚಳಿಗಾಲ ಗುಡ್ಡ ಮೂಕ.
ಗೋಡೆ ಗಡಿಯಾರ ಮಾರಿ ಹಿಟ್ಟು ತಂದರು.
ಹಿಟ್ಟೂ ತೀರಿದಾಗ ಹನ್ನೊಂದು ಮಂದಿ
ನಸುಕಿಗೂ ಮೊದಲು, ಬೂಟಿಗೆ ಗೋಣಿ ಸುತ್ತಿಕೊಂಡು,
ಕೆಲಸಕ್ಕೆ ಹತ್ತಿದರು.
ಸದ್ದೇ ಆಗಲಿಲ್ಲ. ಊರಿಗೆಲ್ಲ ಕೇಳಿಸಿತು.

ಯಾರೂ ಬೈಯಲಿಲ್ಲ. ಯಾರ ಕಿಟಕಿಗೂ ಕಲ್ಲು ಬೀಳಲಿಲ್ಲ.
ಚಹಾ ಕೊಟ್ಟರು, ಸಕ್ಕರೆ ಎಷ್ಟೆಂದು ಕೇಳಿಯೇ ಕೊಟ್ಟರು.
ಎತ್ತಿ ಕುಡಿಯುವವನಿಗೆ ಬಟ್ಟಲ ತಳ ಕಾಣದು;
ಎದುರು ಕೂತವನಿಗೆ ಕಾಣುತ್ತದೆ.

ಈ ಮಾಗಿಯಲ್ಲಿ ಚಾಪೆಲ್ ಮಾರಿದೆವು.
ಕೊಂಡವರು ಚೆಸ್ಟರಿನ ಗಂಡ ಹೆಂಡತಿ, ಒಳ್ಳೆಯವರು,
ಉಪದೇಶದ ಪೀಠವಿದ್ದಲ್ಲಿ ಒಲೆ ಇಡುತ್ತಾರಂತೆ.
ಊರ ಹೆಸರು ಕಲಿಯುತ್ತಿದ್ದಾರೆ,
ನಾಲಿಗೆ ಕಡವಿನ ನಡುವೆ ಜಾರುತ್ತದೆ.

ಕೊನೆಯ ಚಹಾಕ್ಕೆ ಬಂದರು ನೋಡಿ ಜನ!
ಲಿವರ್‌ಪೂಲಿನಿಂದ, ಕಾರ್ಡಿಫಿನಿಂದ,
ಪ್ರಾರ್ಥನೆಗೆ ಎಂದೂ ಬಾರದವರು ಟೋಪಿ ಕಳಚಿ ಬಂದರು.
ಮುನ್ನೂರೊಂದು ಬಟ್ಟಲು ತುಂಬಿ ಹೋದವು.
ಕೆಟಲು ಇನ್ನೂ ಕುದಿಯುತ್ತಿದೆ, ಬಾಗಿಲಲ್ಲಿ ಇನ್ನೂ ನೆರಳು.

ಮೇಲಿನ ಹಲಗೆಗೆ ಕೈ ಹಾಕಿದೆ.
ಯಾರಿಗೆ ಯಾವುದೆಂದು ನೋಡಲಿಲ್ಲ;
ಸುಳ್ಳೇಕೆ, ನೋಡಿದೆ:
ಚೆಸ್ಟರಿನವಳಿಗೊಂದು, ಪಾದ್ರಿಗೊಂದು,
ಹೆವಿನ್‌ನ ಮೊಮ್ಮಗಳಿಗೊಂದು, ಕಿತ್ತಳೆ ರಸ ತುಂಬಿ.
ಹನ್ನೊಂದನೆಯದು ನನಗೆ.

ಎದುರಿಗೆ ಬ್ರೆಡ್ಡಿನ ಇಡ್ವಾಲ್.
ಅವನಜ್ಜ ಗೋಣಿ ಸುತ್ತಿದವರಲ್ಲೊಬ್ಬ.
ಊರಿಗೆಲ್ಲ ಗೊತ್ತು; ಅವನಿಗೂ ಗೊತ್ತೆಂಬುದು
ನನಗೆ ಗೊತ್ತಿರಲಿಲ್ಲ.
ಬಟ್ಟಲೆತ್ತಿದೆ. ತಳ ಅವನ ಕಡೆಗಿತ್ತು.

ತನ್ನ ಚಹಾ ಆರುವ ತನಕ ನೋಡಿದ.
'ಅಮ್ಮ ಸಾಯುವವರೆಗೂ,' ಅಂದ,
'ತನ್ನ ಬಟ್ಟಲು ಮನೆಯಿಂದಲೇ ತರುತ್ತಿದ್ದಳು.
ಯಾಕೆಂದರೆ ಒರೆಸುವ ಬಟ್ಟೆ ಕೊಡವುತ್ತಿದ್ದಳು.'
ಆಮೇಲೆ ನಾವಿಬ್ಬರೂ ಹವಾಮಾನದ ಮಾತಾಡಿದೆವು.

ಸಂಜೆ ತೊಳೆದು ಎಣಿಸಿದೆ, ಮತ್ತೆ ಎಣಿಸಿದೆ.
ಮುನ್ನೂರ ಹನ್ನೊಂದು.
ಪುಸ್ತಕ ತೆರೆದು ಬರೆದೆ: 'ಕೊನೆಯ ಚಹಾ: ಒಂದು.'
ಒಡೆದದ್ದೆಂದು ಬರೆಯಲಿಲ್ಲ.

ಕಿಟಕಿಯಾಚೆ, ಕಡವಿನ ಕಡೆಗೆ
ಮೆಲ್ಲಗೆ ಇಳಿಯುತ್ತಿದ್ದ ಇಡ್ವಾಲನ
ಕೋಟಿನ ಜೇಬು ಒಂದು ಬದಿಗೆ ಉಬ್ಬಿತ್ತು.